ಗಂಟೆಗೆ 11 ಕಿಲೋಮೀಟರ್ ವೇಗದ ಪಂದ್ಯ

ನಮ್ಮ ಹಾಯಿದೋಣಿ ಗಂಟೆಗೆ 11 ಕಿಲೋಮೀಟರಿಗಿಂತ ಜೋರಾಗಿ ಓಡುವುದಿಲ್ಲ. ಗಾಳಿ ಎಷ್ಟೇ ಬೀಸಲಿ, ಚುಕ್ಕಾಣಿ ಯಾರೇ ಹಿಡಿಯಲಿ, ಅಷ್ಟೇ. ಹಿಂದಿನಿಂದ ದೊಡ್ಡ ಅಲೆ ಬಂದು ತಳ್ಳಿದರೆ ಒಂದೆರಡು ಕ್ಷಣ ಸ್ವಲ್ಪ ಜಾಸ್ತಿ ಹೋಗುತ್ತದೆ. ನೀರು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದೋಣಿ ಉದ್ದ ಇದ್ದಷ್ಟೂ ಆ ಅಲೆಯೂ ಉದ್ದ, ವೇಗವೂ ಜಾಸ್ತಿ. ನಮ್ಮದು 22 ಅಡಿಯ ದೋಣಿ, ನೀರಿಗೆ ತಾಗುವ ಭಾಗ 19 ಅಡಿಗೂ ಕಡಿಮೆ. ಆರು ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್, ಹತ್ತಿರ ಬಂದರೆ ಅದರ ಕತೆ ಮುಗಿಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ದಂಡೆ ಮೇಲೆ ಸೈಕಲ್ ಹೊಡೆಯುವ ಮಕ್ಕಳು ನಮ್ಮನ್ನು ಆರಾಮಾಗಿ ಹಿಂದೆ ಹಾಕುತ್ತಾರೆ.

"ಇಷ್ಟು ನಿಧಾನದ ಆಟಕ್ಕೆ ಇಷ್ಟೊಂದು ಕೂಗಾಟ ಯಾಕ್ರೀ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅವಳು ನಮ್ಮ ಹಾಯಿದೋಣಿ ಪಂದ್ಯವನ್ನು ದಂಡೆಯಲ್ಲಿ ಕೂತು ನೋಡಿದ್ದಾಳೆ. ಒಂದಷ್ಟು ಬಿಳಿ ತ್ರಿಕೋನಗಳು ಆ ಕಡೆ ಹೋದವು, ಈ ಕಡೆ ಬಂದವು. ಯಾರು ಗೆದ್ದರು ಅಂತ ಕೇಳಿದರೆ ನಾವೂ ಹೇಳಲಾರೆವು. ಅವಳಿಗೆ ಉತ್ತರ ಹೇಳಲು ಹೊರಟು ಈ ಬರಹ ಉದ್ದವಾಯಿತು.

ನಾನು ದಾವಣಗೆರೆ ಕಡೆಯವನು. ನಮಗೆ ನೀರು ಅಂದರೆ ಭದ್ರಾ ನಾಲೆ, ಇಲ್ಲಾಂದ್ರೆ ಸೂಳೆಕೆರೆ. ಕ್ಯಾಲಿಫೋರ್ನಿಯಾಕ್ಕೆ ಬಂದು ವರ್ಷಗಳಾದರೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಅಂದರೆ ಬೇ ಬ್ರಿಜ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಪಕ್ಕದಲ್ಲಿ ಕಾಣುವ ನೀಲಿ ಬಣ್ಣ, ಅಷ್ಟೇ ಆಗಿತ್ತು. ದೋಣಿ ಹತ್ತಿಸಿದ್ದು ಮಂಗಳೂರಿನ ಗೆಳೆಯ. "ಬಾ ಮಾರಾಯ, ಒಂದು ಜನ ಕಡಿಮೆ ಉಂಟು. ಸುಮ್ನೆ ಕೂತ್ಕೊಂಡ್ರೂ ಸಾಕು" ಅಂದಿದ್ದ. ಸುಮ್ನೆ ಕೂರುವುದೂ ಒಂದು ಕೆಲಸ ಅಂತ ಆಮೇಲೆ ತಿಳಿಯಿತು. ಗಾಳಿಗೆ ದೋಣಿ ವಾಲಿದಾಗ ಎತ್ತರದ ಅಂಚಿನ ಮೇಲೆ ಸಾಲಾಗಿ ಕೂತು ಭಾರ ಹಾಕಬೇಕು. ನನ್ನ ಹೊಟ್ಟೆಗೆ ಮರ್ಯಾದೆ ಸಿಕ್ಕಿದ್ದು ಅದೊಂದೇ ಜಾಗದಲ್ಲಿ.

ಯಾಟ್ ರೇಸಿಂಗ್ ಅಂದರೆ ನಮ್ಮ ಜನರ ಕಣ್ಣ ಮುಂದೆ ಅಂಬಾನಿ ಬರುತ್ತಾರೆ. ಹಾಗೇನಿಲ್ಲ. ನಮ್ಮದು ಸಾಂಟಾನಾ 22 ಅನ್ನುವ ಮಾದರಿ. ಗ್ಯಾರಿ ಮಲ್ ಅನ್ನುವವರು ರೂಪಿಸಿದ್ದು, 1966ರಲ್ಲಿ ಬಂದದ್ದು. ಇಲ್ಲಿಯವರು ಪ್ರೀತಿಯಿಂದ ಟ್ಯೂನಾ ಅಂತಾರೆ. ದೋಣಿಯ ಒಟ್ಟು ತೂಕದಲ್ಲಿ ಸುಮಾರು ಅರ್ಧ ಅದರ ಕೀಲ್‌ನಲ್ಲೇ ಇದೆ, ಅಂದರೆ ತಳದಿಂದ ಕೆಳಗೆ ಇಳಿದಿರುವ ಭಾರದ ರೆಕ್ಕೆಯಲ್ಲಿ. ಅದಕ್ಕೇ ಈ ಕೊಲ್ಲಿಯ ಗಾಳಿಗೂ ಅದು ಜಗ್ಗುವುದಿಲ್ಲ. ಹಳೆಯ ಕಾರಿನ ಬೆಲೆಗೆ ಇಂಥ ದೋಣಿ ಸಿಗುತ್ತದೆ. ಖರ್ಚು ಇರುವುದು ದೋಣಿ ನಿಲ್ಲಿಸುವ ಕಟ್ಟೆಯ ಬಾಡಿಗೆಯಲ್ಲಿ ಮತ್ತು ಹಾಯಿಯಲ್ಲಿ. ಆದರೆ ಸಿಬ್ಬಂದಿಗೆ ಆ ಖರ್ಚೂ ಇಲ್ಲ. ದೋಣಿ ಇರುವವರಿಗೆ ಯಾವಾಗಲೂ ಜನ ಸಾಲದು. ಲ್ಯಾಟಿಟ್ಯೂಡ್ 38 ಅಂತ 1977ರಿಂದ ಬರುತ್ತಿರುವ ಇಲ್ಲಿನ ಪತ್ರಿಕೆ ಕ್ರೂ ಪಟ್ಟಿಯನ್ನೇ ನಡೆಸುತ್ತದೆ. ದೋಣಿ ಬೇಕಾದವರು ಒಂದು ಕಡೆ, ಜನ ಬೇಕಾದವರು ಇನ್ನೊಂದು ಕಡೆ. ಮ್ಯಾಟ್ರಿಮೋನಿ ಕಾಲಂ ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ.

ನಾವು ನಾಲ್ಕು ಜನ. ಸ್ಕಿಪ್ಪರ್, ಅಂದರೆ ದೋಣಿಯ ನಾಯಕಿ, ಎಪ್ಪತ್ತು ದಾಟಿದ ನಿವೃತ್ತ ನರ್ಸ್. ಚುಕ್ಕಾಣಿ ಮತ್ತು ದೊಡ್ಡ ಹಾಯಿ ಅವರ ಕೈಯಲ್ಲಿ. ಮುಂದಿನ ತುದಿಯಲ್ಲಿ ಓಡಾಡುವುದು ಕಾಲೇಜು ಹುಡುಗಿ, ಬೆಕ್ಕಿಗೂ ಅಷ್ಟು ಧೈರ್ಯ ಇರಲಿಕ್ಕಿಲ್ಲ. ನಡುವೆ ಹಾಯಿ ಏರಿಸುವ ಇಳಿಸುವ ಹಗ್ಗಗಳೆಲ್ಲ ನಮ್ಮ ಮಂಗಳೂರಿನವನದು. ಮುಂದಿನ ಹಾಯಿ, ಅಂದರೆ ಜಿಬ್, ನನ್ನದು.

ಶುಕ್ರವಾರ ಸಂಜೆ ಪಂದ್ಯ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೊಲ್ಲಿಯ ಸುತ್ತ ಒಂದಲ್ಲ ಒಂದು ಕ್ಲಬ್‌ನಲ್ಲಿ ವಾರದ ದಿನಗಳ ಸಂಜೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಬಿಯರ್ ಕ್ಯಾನ್ ರೇಸ್ ಅಂತ ಅಮೆರಿಕದಲ್ಲೆಲ್ಲ ಇದಕ್ಕೆ ಹೆಸರು. ಬಿಯರ್ ನಮ್ಮ ದೋಣಿಯಲ್ಲಿ ಪಂದ್ಯ ಮುಗಿದ ಮೇಲೆ ಮಾತ್ರ. ಸ್ಕಿಪ್ಪರಮ್ಮನ ಕಟ್ಟಪ್ಪಣೆ.

ಸಂಜೆಯೇ ಯಾಕೆ ಅಂದರೆ ಆಫೀಸು ಬಿಡುವುದು ಆಗ ಅಂತಲ್ಲವೇ? ಅದೂ ಹೌದು. ಆದರೆ ಇಲ್ಲಿನ ಬೇಸಿಗೆ ಗಾಳಿ ಮೂಡುವುದೇ ಮಧ್ಯಾಹ್ನದ ಮೇಲೆ. ಕ್ಯಾಲಿಫೋರ್ನಿಯಾದ ಒಳನಾಡಿನ ಬಯಲು, ಸ್ಯಾಕ್ರಮೆಂಟೊ ಕಡೆ, ಜುಲೈನಲ್ಲಿ 38, 40 ಡಿಗ್ರಿ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಹೊರಗೆ ಪೆಸಿಫಿಕ್ ಸಾಗರ ಬೇಸಿಗೆಯಲ್ಲೂ ಕೊರೆಯುವ ತಣ್ಣಗೆ. ಆ ತಣ್ಣನೆ ಗಾಳಿ ಒಳನಾಡಿಗೆ ನುಗ್ಗಬೇಕು, ಆದರೆ ಕರಾವಳಿ ಉದ್ದಕ್ಕೂ ಬೆಟ್ಟ. ನೀರಿನ ಮಟ್ಟದಲ್ಲಿ ತೆರೆದಿರುವ ದೊಡ್ಡ ಬಾಗಿಲು ಗೋಲ್ಡನ್ ಗೇಟ್ ಒಂದೇ, ಅದರ ಅಗಲ ಒಂದೂವರೆ ಕಿಲೋಮೀಟರ್ ಚಿಲ್ಲರೆ. ಗಾಳಿ ಅಲ್ಲಿಂದಲೇ ನುಗ್ಗಬೇಕು, ಜೊತೆಗೆ ಮಂಜನ್ನೂ ಎಳೆದುಕೊಂಡು ಬರಬೇಕು. ಅದರ ನೇರಕ್ಕೆ ಎದುರು ಇರುವುದು ಬರ್ಕ್ಲಿ. ಜೂನ್, ಜುಲೈ ಸಂಜೆಗಳಲ್ಲಿ 20, 25 ನಾಟ್ ಗಾಳಿ ಮಾಮೂಲು. ಸ್ಯಾಕ್ರಮೆಂಟೊದ ನೆಂಟರು ಫೋನ್ ಮಾಡಿ "ಅಯ್ಯೋ, ಸುಡು ಬಿಸಿಲು" ಅಂದರೆ ನಾನು ಈಗ ಉಲ್ಲನ್ ಟೋಪಿ ಹುಡುಕುತ್ತೇನೆ.

ಗಾಳಿಯ ವಿಷಯ ಯಾರಾದರೂ ಹೇಳುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಅದರ ಕೆಳಗಿನ ನೀರು.

ಕೊಲ್ಲಿಯ ನೀರು ನಿಂತ ನೀರಲ್ಲ. ಭರತ ಬಂದಾಗ ಸಾಗರದ ನೀರು ಅದೇ ಗೋಲ್ಡನ್ ಗೇಟ್‌ನಿಂದ ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಅಲ್ಲಿನ ಸೇತುವೆಯ ಕೆಳಗೆ ಆಳ ನೂರು ಮೀಟರಿಗಿಂತ ಹೆಚ್ಚು. ನಮ್ಮ ಬರ್ಕ್ಲಿ ಕಡೆ ಎರಡು ಮೂರು ಮೀಟರ್ ಇರುವ ಜಾಗಗಳೇ ಬೇಕಾದಷ್ಟು. ಗೇಟ್ ಹತ್ತಿರ ಹರಿವು ನಾಲ್ಕು ನಾಟ್ ದಾಟುವ ದಿನಗಳಿವೆ. ಈಗ ಲೆಕ್ಕ ಹಾಕಿ. ದೋಣಿಯ ವೇಗ ಆರು ನಾಟ್. ಎದುರು ಹರಿವು ಮೂರು ನಾಟ್ ಇದ್ದರೆ ಅರ್ಧ ದುಡಿಮೆ ನೀರಿಗೆ ಹೋಯಿತು. ಪಕ್ಕದ ದೋಣಿ ಇನ್ನೂರು ಮೀಟರ್ ಆಚೆ, ಆಳ ಕಡಿಮೆ ಇರುವ ಕಡೆ ಹೋದರೆ ಅಲ್ಲಿ ಹರಿವು ನಿಧಾನ. ಅವರ ಹಾಯಿ ನಮ್ಮದಕ್ಕಿಂತ ಕಳಪೆ ಇರಬಹುದು, ಆದರೂ ಅವರು ಮುಂದೆ ಹೋಗುತ್ತಾರೆ. ಭರತದ ಹೊತ್ತಲ್ಲಿ ಪಶ್ಚಿಮಕ್ಕೆ ಹೋಗುವ ಪಂದ್ಯಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ದಂಡೆಗೆ ದೋಣಿಗಳು ಹತ್ತಿಕೊಂಡೇ ಹೋಗುವುದು ಇದಕ್ಕೇ. ನೋಡಿದವರಿಗೆ ಕಲ್ಲಿಗೆ ಗುದ್ದುತ್ತಾರೇನೋ ಅನ್ನಿಸುತ್ತದೆ.

ವೇಗದ ದೋಣಿಯಾಗಿದ್ದರೆ ಇದೆಲ್ಲ ಇಷ್ಟು ಲೆಕ್ಕಕ್ಕೆ ಬರುತ್ತಿರಲಿಲ್ಲ. 2013ರಲ್ಲಿ ಇದೇ ಕೊಲ್ಲಿಯಲ್ಲಿ ಅಮೆರಿಕಾಸ್ ಕಪ್ ಅನ್ನುವ ದೊಡ್ಡ ಹಾಯಿದೋಣಿ ಪಂದ್ಯ ನಡೆಯಿತು. 72 ಅಡಿಯ ಜೋಡಿ ತಳದ ದೋಣಿಗಳು ನೀರಿನಿಂದ ಮೇಲೆದ್ದು 40 ನಾಟ್ ಮೀರಿ ಹಾರಿದವು. ಅವರಿಗೂ ಹರಿವಿನ ಲೆಕ್ಕ ಇತ್ತು. ಆದರೆ 40ರಲ್ಲಿ ಮೂರು ಹೋಗುವುದಕ್ಕೂ ಆರರಲ್ಲಿ ಮೂರು ಹೋಗುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನಿಧಾನ ಇರುವುದರಿಂದಲೇ ನಮಗೆ ನೀರು ನೋಡುವ ಗತಿ ಬಂದಿದೆ. ನೀರಿನ ಮೇಲೆ ನೊರೆಯ ಗೆರೆ ಎಲ್ಲಿದೆ, ಮಾರ್ಕ್‌ನ, ಅಂದರೆ ನಾವು ಸುತ್ತಿ ಬರಬೇಕಾದ ಗುರುತಿನ, ಬುಡದಲ್ಲಿ ನೀರು ಯಾವ ಕಡೆ ಸುಳಿ ಕಟ್ಟುತ್ತಿದೆ, ಎಲ್ಲಿ ಅಲೆ ಇದ್ದಕ್ಕಿದ್ದಂತೆ ಚೂಪಾಗಿದೆ, ಇದೆಲ್ಲ ನೋಡಬೇಕು. ಇಳಿತದ ನೀರು ಪಶ್ಚಿಮಕ್ಕೆ ಹರಿಯುತ್ತ ಪಶ್ಚಿಮದ ಗಾಳಿಗೆ ಎದುರಾದರೆ ಅಲೆ ಗಿಡ್ಡ, ಕಡಿದು, ಹೊಡೆತ ಜಾಸ್ತಿ. ಭರತದಲ್ಲಿ ಗಾಳಿ, ನೀರು ಎರಡೂ ಒಂದೇ ಕಡೆ, ಮೇಲ್ಮೈ ಸಪಾಟು. ನಾನು ಸೇತುವೆ ಮೇಲಿಂದ ವರ್ಷಗಟ್ಟಲೆ ನೋಡಿದ ಆ ನೀಲಿಯೊಳಗೆ ಇಷ್ಟೆಲ್ಲ ನಡೆಯುತ್ತಿತ್ತು. ಪಂದ್ಯ ಅಂತ ಒಂದು ನೆಪ ಇಲ್ಲದಿದ್ದರೆ ಇದನ್ನು ಯಾರು ನೋಡುತ್ತಿದ್ದರು? ಸುಮ್ಮನೆ ವಿಹಾರಕ್ಕೆ ಹೋದಾಗ ನಾನು ಚಿಪ್ಸ್ ತಿನ್ನುತ್ತ ಆಲ್ಕಟ್ರಾಜ್ ದ್ವೀಪದ ಫೋಟೋ ತೆಗೆಯುತ್ತಿರುತ್ತೇನೆ. ನಿಜ ಹೇಳಬೇಕೆಂದರೆ ವಿಹಾರ ನನಗೆ ಬೋರ್.

ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. 45 ಡಿಗ್ರಿಯಷ್ಟು ಓರೆಯಾಗಿ ಒಂದು ಕಡೆ ಹೋಗಿ, ತಿರುಗಿ, ಇನ್ನೊಂದು ಕಡೆ ಓರೆಯಾಗಿ ಹೋಗಿ, ಹೀಗೆ ಆಗುಂಬೆ ಘಾಟಿ ಹತ್ತಿದಂತೆ ಹತ್ತಬೇಕು. ಆ ಪ್ರತಿ ತಿರುವು ಒಂದು ಟ್ಯಾಕ್. ಅಲ್ಲಿ ನನ್ನ ಕೆಲಸ ಶುರು. ಸ್ಕಿಪ್ಪರ್ "ರೆಡಿ?" ಅನ್ನುತ್ತಾರೆ. ಬಿಗಿಯಾಗಿ ಸುತ್ತಿರುವ ಹಗ್ಗವನ್ನು ವಿಂಚ್‌ನಿಂದ, ಅಂದರೆ ಹಗ್ಗ ಸುತ್ತುವ ರಾಟೆಯಿಂದ, ಒಂದು ಸುತ್ತು ಸಡಿಲ ಮಾಡಿ ಕೈಯಲ್ಲಿ ಹಿಡಿದಿರುತ್ತೇನೆ. ದೋಣಿಯ ಮೂಗು ತಿರುಗುತ್ತದೆ. ಜಿಬ್‌ನ ಮುಂದಿನ ಅಂಚು ನಡುಗಿ, ಹಾಯಿ ಹಿಂದಕ್ಕೆ ಉಬ್ಬಲು ಶುರುವಾದ ಗಳಿಗೆಯಲ್ಲೇ ಹಗ್ಗ ಬಿಡಬೇಕು. ಮೊದಲೇ ಬಿಟ್ಟರೆ ದೋಣಿಯ ಓಟ ಸಾಯುತ್ತದೆ, ತಡ ಮಾಡಿದರೆ ಹಾಯಿ ಮೂಗನ್ನು ತೀರಾ ಆಚೆ ತಳ್ಳುತ್ತದೆ. ಬಿಟ್ಟ ಕೂಡಲೇ ಬೂಮ್, ಅಂದರೆ ದೊಡ್ಡ ಹಾಯಿಯ ಬುಡದ ಅಡ್ಡಗಂಬದ, ಕೆಳಗೆ ತಲೆ ತಗ್ಗಿಸಿ ಆ ಬದಿಗೆ ಹಾರಿ, ಹೊಸ ಹಗ್ಗವನ್ನು ಕೈ ಮೇಲೆ ಕೈ ಹಾಕಿ ಎಳೆಯಬೇಕು. ಹಾಯಿಗೆ ಗಾಳಿ ತುಂಬುವ ಮೊದಲು ಎಳೆದುಕೊಂಡಷ್ಟು ಲಾಭ. ತುಂಬಿದ ಮೇಲೆ ಎಷ್ಟು ಜಗ್ಗಿದರೂ ಬರುವುದಿಲ್ಲ, ಆಮೇಲೆ ವಿಂಚ್‌ಗೆ ಹಿಡಿಕೆ ಹಾಕಿ ಇಂಚು ಇಂಚಾಗಿ ತಿರುಗಿಸುವುದೇ.

ಜಿಬ್‌ನ ಅಂಚಿನ ಹತ್ತಿರ ಎರಡೂ ಮೈಗೆ ಉಣ್ಣೆ ದಾರದ ತುಂಡು ಅಂಟಿಸಿರುತ್ತಾರೆ. ಇಡೀ ಬೇಸಿಗೆ ನಾನು ಅತಿ ಹೆಚ್ಚು ದಿಟ್ಟಿಸಿದ ವಸ್ತು ಅದೇ. ಒಳಮೈ ದಾರ ಕುಣಿದರೆ ಹಗ್ಗ ಎಳೆ. ಹೊರಮೈ ದಾರ ಕುಣಿದರೆ ಬಿಡು. ಎರಡೂ ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಮುಟ್ಟಬೇಡ. ಹಾಯಿದೋಣಿಯ ಎಲ್ಲ ಇಲೆಕ್ಟ್ರಾನಿಕ್ಸ್‌ಗಿಂತ ಆ ಎರಡು ರೂಪಾಯಿ ದಾರ ಹೆಚ್ಚು ಹೇಳುತ್ತದೆ ಅಂತ ನನ್ನ ಅಭಿಪ್ರಾಯ. ಸ್ಕಿಪ್ಪರ್ ಅದನ್ನೂ ನೋಡದೆ ಕೆನ್ನೆಗೆ ತಾಗುವ ಗಾಳಿಯಲ್ಲೇ ಹೇಳುತ್ತಾರೆ. ಅದು ಬೇರೆ ವಿಷಯ.

ಇನ್ನು ನಿಯಮ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಕ್ರಿಕೆಟ್ ನೋಡಿ ಬೆಳೆದವನು, ಅಂಪೈರ್ ಕೈ ಎತ್ತುವ ತನಕ ಕ್ರೀಸ್ ಬಿಡಬಾರದು ಅನ್ನುವುದೇ ನಮಗೆ ಗೊತ್ತಿರುವ ಧರ್ಮ. ಇಲ್ಲಿ ನೀರಿನ ಮೇಲೆ ಅಂಪೈರೇ ಇಲ್ಲ. ಐದು ನಿಮಿಷ ಮೊದಲು ಒಂದು ಬಾವುಟ, ನಾಲ್ಕು ನಿಮಿಷ ಮೊದಲು ಇನ್ನೊಂದು, ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ, ಸೊನ್ನೆಗೆ ಹಾರ್ನ್. ಅಲ್ಲಿಗೆ ರೇಸ್ ಕಮಿಟಿಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಆಮೇಲೆ ಗೆರೆ ದಾಟುವ ಹೊತ್ತು ಬರೆದುಕೊಳ್ಳುತ್ತಾರೆ, ಅಷ್ಟೇ.

ದೊಡ್ಡ ನಿಯಮ ಸರಳ. ಗಾಳಿ ಬಲಬದಿಯಿಂದ ಬರುತ್ತಿರುವ ದೋಣಿ ಸ್ಟಾರ್‌ಬೋರ್ಡ್, ಅದಕ್ಕೆ ಹಕ್ಕು. ಎಡಬದಿಯಿಂದ ಬರುತ್ತಿದ್ದರೆ ಪೋರ್ಟ್, ನೀನು ದಾರಿ ಬಿಡಬೇಕು. ನನ್ನ ಹೆಂಡತಿ ಹೇಳುವ ಕೂಗಾಟ ಹೆಚ್ಚಿನಂಶ ಇದೇ. "ಸ್ಟಾರ್‌ಬೋರ್ಡ್!" ಅಂತ ಅವರು ಕೂಗುತ್ತಾರೆ. ನಾವು ಹಗ್ಗ ಸಡಿಲಿಸಿ ಅವರ ಹಿಂಬದಿಗೆ ನುಸುಳುತ್ತೇವೆ. ಎರಡು ಟನ್ ಮೂರು ಟನ್ ತೂಕದ ದೋಣಿಗಳು ಒಂದು ಮೀಟರ್ ಅಂತರದಲ್ಲಿ ದಾಟುತ್ತವೆ. ಬ್ರೇಕ್ ಇಲ್ಲ. ಆಗ ಆರು ನಾಟ್ ನಿಧಾನ ಅಂತ ಯಾರಿಗೂ ಅನ್ನಿಸುವುದಿಲ್ಲ.

ನಿಯಮ ಮುರಿದರೆ? ಮುರಿದವರೇ ಶಿಕ್ಷೆ ತಗೋಬೇಕು. ಇನ್ನೊಂದು ದೋಣಿಗೆ ಅಡ್ಡಿ ಮಾಡಿದರೆ ಪಕ್ಕಕ್ಕೆ ಸರಿದು ಎರಡು ಸುತ್ತು. ಮಾರ್ಕ್‌ಗೆ ತಾಗಿದರೆ ಒಂದು ಸುತ್ತು. ತಗೋಳದಿದ್ದರೆ ಎದುರಿನವರು ಕೆಂಪು ಬಾವುಟ ಹಾರಿಸಿ ಪ್ರೊಟೆಸ್ಟ್ ಮಾಡಬಹುದು, ದಡದಲ್ಲಿ ವಿಚಾರಣೆ ಆಗುತ್ತದೆ. ಆದರೆ ಯಾರೂ ನೋಡದಿದ್ದರೆ?

ಜುಲೈನ ಒಂದು ಸಂಜೆ, ಮಂಜು ಇಳಿದು ಎಲ್ಲ ಬೂದು ಬಣ್ಣ. ನಮ್ಮ ಮುಂದಿದ್ದ ದೋಣಿ ಮೇಲಿನ ಮಾರ್ಕ್ ಸುತ್ತಿ ಸ್ಪಿನೇಕರ್, ಅಂದರೆ ಹಿಂದಿನಿಂದ ಬರುವ ಗಾಳಿಗೆ ಉಬ್ಬುವ ದೊಡ್ಡ ಹಾಯಿ, ಏರಿಸಲು ಸಜ್ಜಾಗಿತ್ತು. ಹರಿವು ಅವರನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿತ್ತು ಅಂತ ಕಾಣುತ್ತದೆ. ಮುಂದೆ ಹೋದವರು ಇದ್ದಕ್ಕಿದ್ದಂತೆ ಹೊರಗೆ ಸರಿದು ಗಿರ್ರನೆ ಒಂದು ಸುತ್ತು ಹಾಕಿದರು. ಸುತ್ತುವಾಗ ಹಾಯಿ ಪಟಪಟ ಬಡಿಯಿತು, ಯಾರೋ ಬೂಮ್‌ಗೆ ತಲೆ ಕೊಡುವುದರಲ್ಲಿದ್ದರು. ಅಷ್ಟರಲ್ಲಿ ನಾವೂ ಸೇರಿ ಮೂರು ದೋಣಿ ಅವರನ್ನು ದಾಟಿದೆವು. "ಎಂತ ಆಯಿತು ಇವರಿಗೆ?" ಅಂದ ಮಂಗಳೂರಿನವನು. ಕ್ಲಬ್‌ನಲ್ಲಿ ಸೂಪ್ ಕುಡಿಯುವಾಗ ಕೇಳಿದೆವು. ಹಿಂಬದಿಯ ಮೂಲೆ ಮಾರ್ಕ್‌ಗೆ ಸವರಿತಂತೆ. ಯಾರೂ ಕಂಡಿರಲಿಲ್ಲ, ನಾವಂತೂ ಕಂಡಿರಲಿಲ್ಲ. ಅವರು ಅದನ್ನು ದೊಡ್ಡ ಸಂಗತಿ ಅಂತ ಹೇಳಲೂ ಇಲ್ಲ, ಬ್ರೆಡ್ ಕೇಳಿದಷ್ಟೇ ಸಹಜವಾಗಿ ಹೇಳಿದರು. ಇಲ್ಲಿ ಎಲ್ಲರೂ ಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ಪ್ರೊಟೆಸ್ಟ್ ಕೋಣೆಯಲ್ಲಿ ಆಟಿಕೆ ದೋಣಿಗಳನ್ನು ಮೇಜಿನ ಮೇಲೆ ಇಟ್ಟು ರಾತ್ರಿ ಹತ್ತರವರೆಗೆ ವಾದ ಮಾಡುವವರೂ ಇದ್ದಾರೆ, ಅದರಲ್ಲಿ ವಕೀಲರೂ ಇದ್ದಾರೆ. ಆದರೂ ಆ ಒಂದು ಸುತ್ತು ನೋಡಿದ ಮೇಲೆ ಈ ಆಟದ ಮೇಲೆ ನನ್ನ ಗೌರವ ಬೇರೆಯೇ ಆಯಿತು.

ಗೆದ್ದವರು ಯಾರು ಅಂತ ನಮಗೂ ಗೊತ್ತಿರುವುದಿಲ್ಲ ಅಂದೆನಲ್ಲ. ಅದು ಹೀಗೆ. 22 ಅಡಿಯ ಹಳೆಯ ದೋಣಿಯೂ 35 ಅಡಿಯ ಹೊಸ ದೋಣಿಯೂ ಒಟ್ಟಿಗೆ ಓಡುವಾಗ ಯಾರು ಮೊದಲು ಬರುತ್ತಾರೆ ಅಂತ ಹೇಳಲು ಪಂದ್ಯ ಬೇಕಿಲ್ಲ. ಅದಕ್ಕೆ ಪಿಎಚ್‌ಆರ್‌ಎಫ್ ಅಂತ ಒಂದು ಹ್ಯಾಂಡಿಕ್ಯಾಪ್ ವ್ಯವಸ್ಥೆ. ಪ್ರತಿ ದೋಣಿಗೂ ಒಂದು ಸಂಖ್ಯೆ, ಮೈಲಿಗೆ ಇಷ್ಟು ಸೆಕೆಂಡ್ ಅಂತ. ಒಬ್ಬರದು 90, ನಮ್ಮಂಥವರದು 180 ಅಂತ ಇಟ್ಟುಕೊಳ್ಳಿ. ಐದು ನಾಟಿಕಲ್ ಮೈಲಿ ಪಂದ್ಯಕ್ಕೆ ನಮಗೆ ಏಳೂವರೆ ನಿಮಿಷ ರಿಯಾಯಿತಿ. ಅವರು ಗೆರೆ ದಾಟಿ, ಹಾಯಿ ಮಡಚಿ, ಬಿಯರ್ ತೆರೆದಿರುತ್ತಾರೆ. ನಾವು ಆಗ ಬರುತ್ತೇವೆ, ಲೆಕ್ಕದಲ್ಲಿ ಗೆದ್ದೂ ಇರುತ್ತೇವೆ. ಯಾವಾಗಲೋ ಒಮ್ಮೆ. ಹೆಚ್ಚಿನ ವಾರ ನಾವು ಪಟ್ಟಿಯ ನಡುವೆ ಎಲ್ಲೋ ಇರುತ್ತೇವೆ. ಸ್ಕಿಪ್ಪರ್‌ಗೆ ಇದು ಸಮಾಧಾನವಿಲ್ಲ, ಕಾಲೇಜು ಹುಡುಗಿಗೆ ಅಂತೂ ಇಲ್ಲವೇ ಇಲ್ಲ. ನನಗೆ ಪರವಾಗಿಲ್ಲ. ಈ ಮಾತು ದೋಣಿಯಲ್ಲಿ ಜೋರಾಗಿ ಹೇಳುವಂತಿಲ್ಲ.

ಆಗಸ್ಟ್ ಕೊನೆಗೆ ಬಂದರೆ ಗಾಳಿಯ ಸ್ವಭಾವ ಬದಲಾಗುತ್ತದೆ. ಕೆಲವು ಸಂಜೆ ಏಳು ಗಂಟೆ ಹೊತ್ತಿಗೆ ಪೂರ್ತಿ ಕೈಕೊಡುತ್ತದೆ. ಅಂಥ ಒಂದು ದಿನ ಮುಗಿಯುವ ಗೆರೆ ಇನ್ನೇನು ಅರ್ಧ ಮೈಲಿ. ಬಲಗಡೆ ಹಳೆಯ ಬರ್ಕ್ಲಿ ಪಿಯರ್‌ನ ಮುರುಕು ಕಂಬಗಳು. 1920ರ ದಶಕದಲ್ಲಿ ಕಾರುಗಳನ್ನು ದೋಣಿಗೆ ಹತ್ತಿಸಲು ನೀರಿನೊಳಗೆ ಮೂರು ಮೈಲಿಗೂ ಹೆಚ್ಚು ಉದ್ದಕ್ಕೆ ಕಟ್ಟಿದ್ದ ಕಟ್ಟೆ ಅದು. 1936ರಲ್ಲಿ ಬೇ ಬ್ರಿಜ್ ಬಂತು, ಅದರ ಕೆಲಸ ಹೋಯಿತು. ಈಗ ಹಾಯಿದೋಣಿಯವರನ್ನು ಹೆದರಿಸುವುದಷ್ಟೇ ಅದರ ಉದ್ಯೋಗ. ಆ ಕಂಬಗಳನ್ನು ನೋಡುತ್ತಿದ್ದ ಹುಡುಗಿ "ನಾವು ಹಿಂದಕ್ಕೆ ಹೋಗುತ್ತಿದ್ದೇವೆ" ಅಂದಳು. ಹೌದು. ಹಾಯಿಯಲ್ಲಿ ಒಂದಿಷ್ಟು ಉಸಿರು ಇತ್ತು, ದೋಣಿ ಮುಂದೆ ಹೋಗುತ್ತಿರುವಂತೆಯೇ ಅನ್ನಿಸುತ್ತಿತ್ತು. ಆದರೆ ಇಳಿತ ನಮ್ಮನ್ನು ಕಾರ್ಪೆಟ್ ಸಮೇತ ಗೋಲ್ಡನ್ ಗೇಟ್ ಕಡೆ ಎಳೆಯುತ್ತಿತ್ತು.

ಸ್ಕಿಪ್ಪರ್ ದನಿ ತಗ್ಗಿಸಿ, "ಲಂಗರು. ಸದ್ದು ಮಾಡಬೇಡಿ" ಅಂದರು. ಪಂದ್ಯದ ನಡುವೆ ಲಂಗರು ಹಾಕಲು ನಿಯಮ ಒಪ್ಪುತ್ತದೆ, ಹೊರಡುವಾಗ ಎತ್ತಿಕೊಂಡರೆ ಸಾಕು. ಮಂಗಳೂರಿನವನು ಎದುರು ಬದಿಯಿಂದ, ಬೇರೆಯವರಿಗೆ ಕಾಣದಂತೆ, ಅದನ್ನು ಮೆಲ್ಲಗೆ ನೀರಿಗೆ ಇಳಿಸಿದ. ಮೂರು ಮೀಟರ್ ಆಳ, ಕೆಸರು ತಳ, ತಕ್ಷಣ ಕಚ್ಚಿತು. ಹಾಯಿ ಹಾಗೇ ಏರಿಸಿಯೇ ಇಟ್ಟಿದ್ದೆವು, ನಾನು ಜಿಬ್ ಸರಿಮಾಡುವಂತೆ ನಟಿಸುತ್ತಿದ್ದೆ. ಮುಂದಿದ್ದ ದೋಣಿಗಳು ಒಂದೊಂದಾಗಿ ನಮ್ಮ ಪಕ್ಕಕ್ಕೆ ಬಂದು, ಹಿಂದಕ್ಕೆ ಸರಿದುಹೋದವು. "ಅರೆ, ಅವರಿಗೆ ಎಲ್ಲಿಂದ ಗಾಳಿ ಸಿಕ್ಕಿತು?" ಅಂತ ಒಬ್ಬರು ತಮ್ಮವರನ್ನೇ ಬೈಯುವುದು ಸ್ಪಷ್ಟ ಕೇಳಿಸಿತು. ನಿಂತಲ್ಲೇ ನಿಂತು ನಾಲ್ಕೈದು ದೋಣಿಗಳನ್ನು ಹಿಂದೆ ಹಾಕಿದೆವು. ನನ್ನ ಮಟ್ಟಿಗೆ ಇಡೀ ಬೇಸಿಗೆಯ ಅತ್ಯಂತ ರೋಚಕ ಓಟ ಅದೇ.

ಕೊನೆಗೆ ಗಾಳಿ ಬರಲೇ ಇಲ್ಲ. ಸಮಯದ ಮಿತಿ ಮುಗಿದು ಪಂದ್ಯ ರದ್ದು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ 2013ರ ಆ ಅಮೆರಿಕಾಸ್ ಕಪ್‌ನಲ್ಲಿ ನ್ಯೂಜಿಲೆಂಡ್ ತಂಡಕ್ಕೆ ಆದದ್ದು ನೆನಪಾಗಿ ನಗು ಬಂತು. ಅವರು 8-2 ಮುಂದಿದ್ದರು, ಕಪ್‌ಗೆ ಇನ್ನೊಂದೇ ಗೆಲುವು ಬೇಕಿತ್ತು. ಸಪ್ಟೆಂಬರ್ 20ರಂದು ಅವರೇ ಬಹಳ ಮುಂದಿದ್ದಾಗ ಗಾಳಿ ಸತ್ತು, 40 ನಿಮಿಷದ ಮಿತಿ ಮೀರಿ, ಪಂದ್ಯ ರದ್ದಾಯಿತು. ಆಮೇಲೆ ಅಮೆರಿಕದ ತಂಡ ಸಾಲಾಗಿ ಗೆದ್ದು 9-8ರಲ್ಲಿ ಕಪ್ ಉಳಿಸಿಕೊಂಡಿತು. ಅವರ ಕೋಟಿಗಟ್ಟಲೆ ಡಾಲರಿನ ದೋಣಿಗೂ ನಮ್ಮ ಟ್ಯೂನಾಕ್ಕೂ ಕೊಲ್ಲಿ ಒಂದೇ ಲೆಕ್ಕ ಹಾಕಿದೆ.

ಸರಣಿ ಮುಗಿದಿದೆ. ಈಗ ನಮ್ಮ ತಲೆಯಲ್ಲಿ ಕೂತಿರುವುದು ಜನವರಿ ಕೊನೆಯ ತ್ರೀ ಬ್ರಿಜ್ ಫಿಯಾಸ್ಕೊ. ಒಬ್ಬರು ಅಥವಾ ಇಬ್ಬರು ಮಾತ್ರ ದೋಣಿ ನಡೆಸಬೇಕಾದ ಪಂದ್ಯ, ಸುಮಾರು 21 ಮೈಲಿ. ಮೂರುನೂರಕ್ಕೂ ಹೆಚ್ಚು ದೋಣಿ ಹೆಸರು ಕೊಟ್ಟ ವರ್ಷಗಳಿವೆ. ಗೋಲ್ಡನ್ ಗೇಟ್, ರಿಚ್ಮಂಡ್, ಬೇ ಬ್ರಿಜ್, ಈ ಮೂರು ಸೇತುವೆಗಳ ಹತ್ತಿರದ ಗುರುತುಗಳನ್ನು ಸುತ್ತಿ ಬರಬೇಕು. ಯಾವುದು ಮೊದಲು, ಯಾವ ದಿಕ್ಕಿನಿಂದ, ಎಲ್ಲ ನಿಮ್ಮಿಷ್ಟ. ಒಂದೇ ಗೆರೆಯಲ್ಲಿ ಅರ್ಧ ಜನ ಪೂರ್ವಕ್ಕೆ, ಅರ್ಧ ಜನ ಪಶ್ಚಿಮಕ್ಕೆ ಹೊರಡುತ್ತಾರೆ. ಚಳಿಗಾಲ, ಗಾಳಿ ಇಲ್ಲದೆ ಪಂದ್ಯ ಮುಗಿಸಲಾಗದವರೇ ಹೆಚ್ಚು ಇರುವ ವರ್ಷಗಳೂ ಉಂಟು.

ಸ್ಕಿಪ್ಪರ್ ದೋಣಿ ಕೊಡಲು ಒಪ್ಪಿದ್ದಾರೆ, ತಳ ಉಜ್ಜಿಸುವ ಖರ್ಚು ನಮ್ಮದು ಅನ್ನುವ ಶರತ್ತಿನ ಮೇಲೆ. ಮಂಗಳೂರಿನವನು, "ಮೊದಲು ಗೋಲ್ಡನ್ ಗೇಟ್ ಬದಿದ್ದು ಮುಗಿಸುವ ಮಾರಾಯ, ಹತ್ತಿರ ಉಂಟಲ್ಲ" ಅನ್ನುತ್ತಾನೆ. ಬೆಳಿಗ್ಗೆ ಭರತ ಇದ್ದರೆ ಹೊರಟ ಕೂಡಲೇ ಅದಕ್ಕೆ ಎದುರು ಹೋಗಿ ಸಾಯಬೇಕು, ನೀರಿನ ಜೊತೆ ಉತ್ತರಕ್ಕೆ ರಿಚ್ಮಂಡ್ ಕಡೆ ಹೋಗಿ ಇಳಿತದಲ್ಲಿ ವಾಪಸ್ ಬರೋಣ ಅನ್ನುವುದು ನನ್ನ ವಾದ. ಇಬ್ಬರೂ ಮುಂದಿನ ವರ್ಷದ ಟೈಡ್ ಟೇಬಲ್ ತೆಗೆದು ನೋಡಿಲ್ಲ ಅಂತ ಸ್ಕಿಪ್ಪರ್ ಬೈದರು. ತೆಗೆದು ನೋಡಿದೆವು. ಆ ದಿನ ನೀರು ತಿರುಗುವುದು ಸರಿಯಾಗಿ ಬೆಳಗಿನ ನಡುವಿಗೆ. ಅಂದರೆ ಇಬ್ಬರ ವಾದವೂ ನಿಲ್ಲುತ್ತದೆ. ತಳ ಉಜ್ಜುವವನಿಗೆ ಮುಂಗಡ ಕೊಟ್ಟಾಗಿದೆ, ಜಗಳ ನಡೆಯುತ್ತಿದೆ.